ಮೆಣಸಿನಕಾಯಿಯ ಕಾಡುನೆಂಟ

ಅಡುಗೆಮನೆಯಿಂದ ಒಂದು ಬದನೆಕಾಯಿ, ಒಂದು ಹಸಿಮೆಣಸಿನಕಾಯಿ ತಂದು ಪಕ್ಕದಲ್ಲಿಟ್ಟುಕೊಳ್ಳಿ. ಬದನೆ ಮಟ್ಟುಗುಳ್ಳವಾದರೂ ಸರಿ, ಸಂತೆಯ ಉದ್ದ ಬದನೆಯಾದರೂ ಸರಿ. ಎರಡರ ತೊಟ್ಟೂ ಮುರಿದಿರಬಾರದು, ಅಷ್ಟೇ. ಸಸ್ಯಶಾಸ್ತ್ರ ಓದದವರೂ ಧೈರ್ಯವಾಗಿ ಕೂರಬಹುದು. ಇವೆರಡನ್ನು ಸರಿಯಾಗಿ ನೋಡಲು ಕಲಿತರೆ, ಪಶ್ಚಿಮ ಘಟ್ಟದ ದಟ್ಟ ಕಾಡಿನ ನೆರಳಲ್ಲಿ ಬೆಳೆಯುವ, ಕಾಡು ಸುತ್ತುವ ಬಹಳ ಜನರೂ ಗಮನಿಸದೆ ದಾಟಿಹೋಗುವ ಒಂದು ಪೊದೆಯ ಪರಿಚಯವಾಗುತ್ತದೆ. ಅದರ ಹೆಸರು ಲೈಸಿಯಾಂಥಿಸ್. ಇದು ಮೆಣಸಿನಕಾಯಿಗೆ ತೀರ ಹತ್ತಿರದ ಸಂಬಂಧಿ.

ಮೊದಲು ಮನೆತನದ ಮಾತು. ಬದನೆ, ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ ನಾಲ್ಕೂ ಒಂದೇ ಕುಟುಂಬದವು. ಸಸ್ಯಶಾಸ್ತ್ರದಲ್ಲಿ ಇದನ್ನು ಸೊಲನೇಸಿ ಎನ್ನುತ್ತಾರೆ, ಕನ್ನಡದಲ್ಲಿ ಬದನೆ ಕುಟುಂಬ ಎಂದರೆ ಸಾಕು. ಹೊಗೆಸೊಪ್ಪು, ಅಶ್ವಗಂಧ, ಬೇಲಿಬದಿಯ ಉಮ್ಮತ್ತಿ, ಹಿತ್ತಲಿನ ಗಣಿಕೆ, ಸಂಜೆಯಾದೊಡನೆ ಬೀದಿ ತುಂಬ ಘಮ ಹರಡುವ ರಾತ್ರಿರಾಣಿ ಎಲ್ಲವೂ ಇದರೊಳಗೇ ಬರುತ್ತವೆ. ಒಟ್ಟು ಸುಮಾರು 2,700 ಪ್ರಭೇದಗಳು, ನೂರರಷ್ಟು ಕುಲಗಳು. ಅದರಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳು ಸೊಲಾನಮ್ ಎಂಬ ಒಂದೇ ಕುಲಕ್ಕೆ ಸೇರಿವೆ. ಬದನೆ, ಟೊಮೆಟೊ, ಆಲೂಗಡ್ಡೆ ಮೂರೂ ಸೊಲಾನಮ್‌ಗಳೇ. ಮೆಣಸಿನಕಾಯಿ ಮಾತ್ರ ಬೇರೆ ಕುಲ, ಕ್ಯಾಪ್ಸಿಕಮ್. ಊಟಕ್ಕೂ ಔಷಧಕ್ಕೂ ವಿಷಕ್ಕೂ ಇಷ್ಟು ಹತ್ತಿರದಲ್ಲಿರುವ ಮನೆತನ ಇನ್ನೊಂದು ಸಿಗುವುದು ಕಷ್ಟ. ಹಸಿರು ತಿರುಗಿದ ಆಲೂಗಡ್ಡೆಯನ್ನು ಅಜ್ಜಿಯರು ಎಸೆಯುತ್ತಿದ್ದುದಕ್ಕೆ ಕಾರಣವಿದೆ. ಈ ಕುಟುಂಬದ ಗಿಡಗಳು ಕಹಿಯಾದ, ಹೆಚ್ಚಾದರೆ ವಿಷವಾಗುವ ಆಲ್ಕಲಾಯ್ಡುಗಳನ್ನು ತಯಾರಿಸಿಕೊಳ್ಳುತ್ತವೆ. ಆದ್ದರಿಂದ ಕಾಡಿನಲ್ಲಿ ಈ ಮನೆತನದ ಹಣ್ಣು ಎಷ್ಟೇ ಕೆಂಪಾಗಿ, ಚೆಂದವಾಗಿ ಕಂಡರೂ ಬಾಯಿಗೆ ಹಾಕುವಂತಿಲ್ಲ. ಮಕ್ಕಳ ಜೊತೆ ಹೋದವರು ಇದನ್ನು ಮೊದಲೇ ಹೇಳಿರಬೇಕು.

ಈಗ ಬದನೆಕಾಯಿಯನ್ನು ಕೈಗೆತ್ತಿಕೊಳ್ಳಿ. ತೊಟ್ಟು ಕಾಯಿಗೆ ಸೇರುವಲ್ಲಿ ಹಸಿರು ಟೋಪಿಯಿದೆಯಲ್ಲ, ಅದು ಹೂವಾಗಿದ್ದಾಗ ಹೂವನ್ನು ಹೊರಗಿನಿಂದ ಹಿಡಿದಿದ್ದ ಭಾಗ. ಪಠ್ಯಪುಸ್ತಕ ಅದನ್ನು ಪುಷ್ಪಪಾತ್ರೆ ಎನ್ನುತ್ತದೆ. ಹೂವಿನ ದಳ ಉದುರಿದರೂ ಈ ಕುಟುಂಬದಲ್ಲಿ ಪುಷ್ಪಪಾತ್ರೆ ಸಾಮಾನ್ಯವಾಗಿ ಉದುರುವುದಿಲ್ಲ, ಕಾಯಿಯ ಜೊತೆಗೇ ಉಳಿಯುತ್ತದೆ. ಬದನೆಯ ಟೋಪಿಯ ಅಂಚನ್ನು ನೋಡಿ: ಐದು ಚೂಪು ಹಾಲೆಗಳಾಗಿ ಸೀಳಿಕೊಂಡಿದೆ, ಒಂದೊಂದು ಹಾಲೆಯೂ ಕಾಯಿಯ ಮೇಲೆ ನಾಲಿಗೆಯಂತೆ ಚಾಚಿದೆ. ಟೊಮೆಟೊದಲ್ಲೂ ಹೀಗೇ, ಹಸಿರು ನಕ್ಷತ್ರ.

ಇನ್ನು ಮೆಣಸಿನಕಾಯಿ. ಇಲ್ಲಿ ಸೀಳಿದ ಹಾಲೆಗಳಿಲ್ಲ. ಟೋಪಿಯ ಅಂಚು ಸುತ್ತಲೂ ಹೆಚ್ಚುಕಡಿಮೆ ಸಮವಾಗಿದೆ, ಯಾರೋ ಕತ್ತರಿಯಿಂದ ನೇರವಾಗಿ ಕತ್ತರಿಸಿದ ಹಾಗೆ. ಉಗುರಿನಿಂದ ಅಂಚನ್ನು ಸವರಿ. ಅಲ್ಲಲ್ಲಿ ತುಂಬ ಚಿಕ್ಕ ಮೊನೆಗಳು ತಾಗಬಹುದು. ಬೆಳಕಿಗೆ ಹಿಡಿದು ನೋಡಿದರೆ ತೊಟ್ಟಿನಿಂದ ಅಂಚಿನ ಕಡೆಗೆ ನರಗಳು ಏರಿ ಬಂದಿರುವುದು ಕಾಣುತ್ತದೆ, ಆ ಮೊನೆಗಳು ನರಗಳ ತುದಿಯಲ್ಲೇ ಇರುತ್ತವೆ. ಬೆಳೆಸಿದ ಮೆಣಸಿನಕಾಯಿಯಲ್ಲಿ ಇದು ಅಷ್ಟು ಸ್ಪಷ್ಟವಾಗಿ ಕಾಣದಿದ್ದರೆ ಬೇಸರ ಬೇಡ, ಕೈಮಸೂರ ಇದ್ದರೆ ತನ್ನಿ. ಸಮವಾದ ಅಂಚು ಕಂಡರೂ ಈಗಿನ ಮಟ್ಟಿಗೆ ಸಾಕು. ಹೀಗೆ ಸೀಳು ಅಂಚಿಗೂ ಸಮ ಅಂಚಿಗೂ ಇರುವ ಈ ಸಣ್ಣ ವ್ಯತ್ಯಾಸ ನೂರು ವರ್ಷಕ್ಕೂ ಹೆಚ್ಚು ಕಾಲ ಸಸ್ಯಶಾಸ್ತ್ರಜ್ಞರ ಕಣ್ಣಮುಂದೆಯೇ ಇತ್ತು. ಅದು ಏನನ್ನು ಹೇಳುತ್ತಿದೆ ಎಂಬುದು ತಡವಾಗಿ ತಿಳಿಯಿತು.

ಕಾಡಿಗೆ ಹೋಗೋಣ. ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ, ಬೆಟ್ಟದ ಮೇಲಿನ ಶೋಲಾಗಳಲ್ಲಿ ದೊಡ್ಡ ಮರಗಳ ಕೆಳಗೆ ಒಂದು ಮಬ್ಬು ಅಂತಸ್ತು ಇರುತ್ತದೆ. ಬಿಸಿಲು ಅಲ್ಲಿಗೆ ಚುಕ್ಕೆಚುಕ್ಕೆಯಾಗಿ ಬೀಳುತ್ತದೆ. ಮಳೆಗಾಲ ಮುಗಿದರೂ ನೆಲ ಒದ್ದೆ, ಜಿಗಣೆ ಇದ್ದೇ ಇರುತ್ತವೆ. ನಾವು ಹೇಳುತ್ತಿರುವ ಪೊದೆ ಬೆಳೆಯುವುದು ಅಲ್ಲಿ. ಲೈಸಿಯಾಂಥಿಸ್ ಕುಲದಲ್ಲಿ 150ರಿಂದ 200ರಷ್ಟು ಪ್ರಭೇದಗಳಿವೆ. ಬಹುಪಾಲು ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದವರೆಗಿನ ಕಾಡುಗಳಲ್ಲಿವೆ, ಉಳಿದವು ಏಷ್ಯಾ, ನ್ಯೂಗಿನಿ, ಪೆಸಿಫಿಕ್ ದ್ವೀಪಗಳ ಕಡೆ ಹರಡಿವೆ. ಆಫ್ರಿಕದ ಕಾಡಿನಲ್ಲಿ ಇವಿಲ್ಲ. ಮಧ್ಯ ಅಮೆರಿಕದಲ್ಲಿ ಮರದ ಕೊಂಬೆಯ ಮೇಲೆ ಬೇರೂರಿ ಬದುಕುವ ಲೈಸಿಯಾಂಥಿಸ್‌ಗಳೂ ಇವೆ. ಮೆಕ್ಸಿಕೊದಲ್ಲಿ ನೆಲಕ್ಕೊರಗಿ ಬೆಳೆಯುವ ಒಂದರ ಹಣ್ಣನ್ನು ಹಳ್ಳಿಯ ಜನ ತಿನ್ನುವುದೂ ಉಂಟು. ನಮ್ಮ ಘಟ್ಟದ ಪಟ್ಟಿಗಳಲ್ಲಿ ಹೆಚ್ಚಾಗಿ ಕಾಣುವ ಹೆಸರು ಲೈಸಿಯಾಂಥಿಸ್ ಲೇವಿಸ್. ಇದು ದಕ್ಷಿಣ ಭಾರತ, ಶ್ರೀಲಂಕಾಗಳಿಂದ ಆಗ್ನೇಯ ಏಷ್ಯಾದವರೆಗೆ ಹಬ್ಬಿರುವ ಪೊದೆ. ಆಳೆತ್ತರ, ಕೆಲವೊಮ್ಮೆ ಅದಕ್ಕಿಂತ ತುಸು ಹೆಚ್ಚು. ಮುಳ್ಳಿಲ್ಲ. ಎಲೆ ಹಸಿರಾಗಿ, ನುಣುಪಾಗಿ, ತುದಿ ಚೂಪಾಗಿ ಇರುತ್ತದೆ. ಮಳೆಕಾಡಿನ ಕೆಳಅಂತಸ್ತಿನಲ್ಲಿ ಇಂಥ ಎಲೆಯ ಗಿಡಗಳು ನೂರಾರು. ಹೂವಿಲ್ಲದ ಕಾಲದಲ್ಲಿ ಇದು ಕಣ್ಣಿಗೆ ಬೀಳದಿರುವುದರಲ್ಲಿ ಆಶ್ಚರ್ಯವೇನಿಲ್ಲ.

ಆದರೂ ಎಲೆಯಲ್ಲೇ ಒಂದು ಸುಳಿವಿದೆ. ರೆಂಬೆಯ ಮೇಲ್ಭಾಗದಲ್ಲಿ ಗೆಣ್ಣಿನಿಂದ ಗೆಣ್ಣಿಗೆ ಕಣ್ಣು ಹಾಯಿಸುತ್ತ ಬನ್ನಿ. ಒಂದೇ ಗೆಣ್ಣಿನಲ್ಲಿ ಎರಡು ಎಲೆಗಳು ಜೊತೆಯಾಗಿ ಹುಟ್ಟಿರುತ್ತವೆ, ಆದರೆ ಅವು ಸಮಾನವಾಗಿರುವುದಿಲ್ಲ. ಒಂದು ಅಂಗೈಯಷ್ಟು ದೊಡ್ಡದು, ಇನ್ನೊಂದು ಅದರ ಅರ್ಧ, ಅಥವಾ ಕಾಲುಭಾಗ. ಕಾಫಿ ಗಿಡದಲ್ಲೂ ಗೆಣ್ಣಿಗೆ ಎರಡು ಎಲೆ ಇರುತ್ತವೆ. ಅಲ್ಲಿ ಅವು ಎದುರುಬದುರಾಗಿ, ಸಮ ಅಳತೆಯಲ್ಲಿರುತ್ತವೆ. ಇಲ್ಲಿ ಎರಡೂ ಒಂದೇ ಮಗ್ಗುಲಿಗೆ ಸರಿದು, ದೊಡ್ಡದರ ಪಕ್ಕದಲ್ಲಿ ಚಿಕ್ಕದು ಕೂತಂತೆ ಕಾಣುತ್ತದೆ. ಕಾಡಿನಲ್ಲಿ ಮೊದಲು ಇದನ್ನೇ ಹುಡುಕಿ ಎಂದು ನಾನು ಹೊಸಬರಿಗೆ ಹೇಳುತ್ತೇನೆ.

ಈ ಜೋಡಿ ಹೇಗೆ ಆಗುತ್ತದೆ ಎಂಬುದು ಸ್ವಲ್ಪ ನಿಧಾನವಾಗಿ ಓದಬೇಕಾದ ಸಂಗತಿ. ಸಾಮಾನ್ಯವಾಗಿ ಒಂದು ಕಾಂಡ ತುದಿಯಲ್ಲಿ ಬೆಳೆಯುತ್ತಲೇ ಹೋಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಬದನೆ ಕುಟುಂಬದ ಅನೇಕ ಗಿಡಗಳಲ್ಲಿ ಹಾಗಲ್ಲ. ಕಾಂಡದ ತುದಿ ಹೂವಾಗಿ ಅಲ್ಲಿಗೆ ಅದರ ಬೆಳವಣಿಗೆ ಮುಗಿಯುತ್ತದೆ. ಆಗ ಪಕ್ಕದ ಎಲೆಯ ಕಂಕುಳಿನಲ್ಲಿದ್ದ ಮೊಗ್ಗು ಮುಂದೆ ಬಂದು ಬೆಳವಣಿಗೆಯನ್ನು ವಹಿಸಿಕೊಳ್ಳುತ್ತದೆ. ಅದೂ ಒಂದೆರಡು ಎಲೆ ಬಿಟ್ಟು ಹೂವಾಗಿ ನಿಲ್ಲುತ್ತದೆ. ಮತ್ತೆ ಇನ್ನೊಂದು ಮೊಗ್ಗು. ನಮಗೆ ಒಂದೇ ರೆಂಬೆಯಾಗಿ ಕಾಣುವುದು ನಿಜವಾಗಿ ಒಂದರ ಮೇಲೊಂದು ಕೂತ ಅನೇಕ ಚಿಕ್ಕ ರೆಂಬೆಗಳ ಸರಣಿ. ಈ ಬದಲಾವಣೆಯ ಗಡಿಬಿಡಿಯಲ್ಲಿ ಒಂದು ಎಲೆ ತನ್ನ ಜಾಗದಿಂದ ಮೇಲಕ್ಕೆ ಒಯ್ಯಲ್ಪಟ್ಟು, ಮುಂದಿನ ಎಲೆಯ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಅಳತೆ ಬೇರೆಬೇರೆಯಾದ ಜೋಡಿ ಎಲೆ ಹುಟ್ಟುವುದು ಹೀಗೆ. ಇದು ಒಂದೇ ಓದಿಗೆ ತಲೆಗೆ ಹೋಗದಿದ್ದರೆ ಪರವಾಗಿಲ್ಲ. ಕುಂಡದಲ್ಲಿ ಮೆಣಸಿನ ಗಿಡವಿದ್ದರೆ ಅದು ಕವಲೊಡೆಯುವ ಜಾಗವನ್ನು ನೋಡಿ: ಕವಲಿನ ನಡುವೆ ಸರಿಯಾಗಿ ಒಂದು ಹೂ ನಿಂತಿರುತ್ತದೆ. ಅಲ್ಲಿ ಕಾಂಡ ಮುಗಿದದ್ದು, ಕವಲು ಹೊಸದಾಗಿ ಹೊರಟದ್ದು.

ಹೂವಿನ ಜಾಗವೂ ಮುಖ್ಯ. ಟೊಮೆಟೊ ಗಿಡದಲ್ಲಿ ಹೂಗೊಂಚಲು ಎಲೆಯ ಬುಡದಿಂದ ಬರುವುದಿಲ್ಲ. ಎರಡು ಎಲೆಗಳ ನಡುವಿನ ಬರಿಯ ಕಾಂಡದಿಂದ ಹೊರಟಿರುತ್ತದೆ. ಸೊಲಾನಮ್‌ಗಳಲ್ಲಿ ಹೆಚ್ಚಾಗಿ ಇದೇ ಕ್ರಮ. ಲೈಸಿಯಾಂಥಿಸ್‌ನಲ್ಲಿ ಹೂಗಳು ಎಲೆಯ ಕಂಕುಳಿನಲ್ಲೇ ಇರುತ್ತವೆ. ಗೊಂಚಲನ್ನು ಹೊರುವ ಸಾಮಾನ್ಯ ದೇಟು ಇಲ್ಲ. ಒಂದೊಂದು ಹೂವೂ ತನ್ನದೇ ತೆಳುವಾದ ತೊಟ್ಟಿನ ಮೇಲೆ, ಒಂದೇ ಬಿಂದುವಿನಿಂದ ಹೊರಟು ಕೆಳಗೆ ತೂಗುತ್ತದೆ. ಒಂದು ಕಂಕುಳಿನಲ್ಲಿ ಒಂದೇ ಇರಬಹುದು, ನಾಲ್ಕಾರು ಇರಬಹುದು. ಬಿಳಿ ಅಥವಾ ನಸುನೇರಳೆ ಬಣ್ಣ, ಐದು ಮೂಲೆಯ ನಕ್ಷತ್ರದ ಆಕಾರ, ನಡುವೆ ಐದು ಹಳದಿ ಕೇಸರಗಳು ಒಟ್ಟಿಗೆ ಮೊನೆಯಾಗಿ ಸೇರಿರುತ್ತವೆ. ಯಾರಾದರೂ ನೋಡಿದ ಕೂಡಲೇ ಬದನೆ ಹೂವಿನ ಮರಿ ಎಂದೇ ಹೇಳುತ್ತಾರೆ. ಸಸ್ಯಶಾಸ್ತ್ರಜ್ಞರೂ ಹಾಗೇ ಹೇಳಿದರು.

ಆದರೆ ಹೂವನ್ನು ತಿರುಗಿಸಿ ಹಿಂಬದಿ ನೋಡಬೇಕು. ಅಲ್ಲಿರುವ ಪುಷ್ಪಪಾತ್ರೆ ಬದನೆಯದರ ಹಾಗೆ ಐದಾಗಿ ಸೀಳಿಲ್ಲ. ಚಿಕ್ಕ ಬಟ್ಟಲು, ಅಂಚು ಸಮ. ಹಲವು ಪ್ರಭೇದಗಳಲ್ಲಿ ಆ ಅಂಚಿನ ತುಸು ಕೆಳಗೆ, ಬಟ್ಟಲಿನ ಹೊರಮೈಯಿಂದ, ಐದೋ ಹತ್ತೋ ಸಣ್ಣ ಹಲ್ಲುಗಳು ಹೊರಚಾಚಿರುತ್ತವೆ. ಕೆಲವದರಲ್ಲಿ ಅವು ಎಳೆಯಂತೆ ಉದ್ದ, ಕೆಲವದರಲ್ಲಿ ಬರೀ ಗುಬುಟು, ಇನ್ನು ಕೆಲವದರಲ್ಲಿ ಇಲ್ಲವೇ ಇಲ್ಲ. ಹಲ್ಲು ಅಂಚಿನ ಮೇಲೆ ಇರದೆ ಅಂಚಿನ ಕೆಳಗಿನಿಂದ ಹೊರಡುವುದನ್ನು ದಯವಿಟ್ಟು ಗಮನಿಸಿ. ಮೆಣಸಿನಕಾಯಿಯ ಟೋಪಿಯಲ್ಲಿ ಉಗುರಿಗೆ ತಾಗಿದ ಮೊನೆಗಳದೂ ಇದೇ ರಚನೆ. ಈ ಇಡೀ ಕುಟುಂಬದಲ್ಲಿ ಇಂಥ ಪುಷ್ಪಪಾತ್ರೆ ಈ ಎರಡು ಕುಲಗಳ ಗುರುತು.

ಹಾಗಿದ್ದರೆ ಲೈಸಿಯಾಂಥಿಸ್ ಅನ್ನು ಬದನೆಯ ಸಾಲಿಗೆ ಯಾಕೆ ಸೇರಿಸಿದರು? ಕೇಸರ ನೋಡಿ ಸೇರಿಸಿದರು. ಇದನ್ನು ತಿಳಿಯಲು ಬದನೆ ಗಿಡವೊಂದರ ಅರಳಿದ ಹೂ ಬೇಕು. ನಡುವಿನ ಹಳದಿ ಪರಾಗಕೋಶಗಳನ್ನು ಬೆರಳಿನಿಂದ ಸವರಿದರೆ ಬೆರಳಿಗೆ ಹುಡಿ ಹತ್ತುವುದು ತೀರ ಕಡಿಮೆ. ದಾಸವಾಳದಲ್ಲಾದರೆ ಕೂಡಲೇ ಹತ್ತುತ್ತದೆ. ಬದನೆಯಲ್ಲಿ ಪರಾಗಕೋಶ ಬದಿಯಲ್ಲಿ ಬಿರಿಯುವುದಿಲ್ಲ; ತುದಿಯಲ್ಲಿ ಎರಡು ಸೂಕ್ಷ್ಮ ರಂಧ್ರಗಳು ಮಾತ್ರ ಇರುತ್ತವೆ, ಪರಾಗವೆಲ್ಲ ಒಳಗೇ ಭದ್ರ. ಈಗ ಶಾಲೆಯ ಭೌತಶಾಸ್ತ್ರದ ಕಪಾಟಿನಿಂದ ಟ್ಯೂನಿಂಗ್ ಫೋರ್ಕ್ ತನ್ನಿ. ಹೂವಿನ ಕೆಳಗೆ ಕಪ್ಪು ಕಾಗದ ಹಿಡಿದು, ಫೋರ್ಕನ್ನು ರಬ್ಬರಿನ ಮೇಲೆ ತಟ್ಟಿ, ಅದು ಮಿಡಿಯುತ್ತಿರುವಾಗಲೇ ಪರಾಗಕೋಶಕ್ಕೆ ಮೆಲ್ಲಗೆ ತಾಗಿಸಿ. ರಂಧ್ರಗಳಿಂದ ತಿಳಿಹಳದಿ ಹುಡಿ ಉದುರುತ್ತದೆ. ಮಕ್ಕಳಿಗೆ ಇದನ್ನು ತೋರಿಸಿದ ತರಗತಿಯಲ್ಲಿ ಪರಾಗಸ್ಪರ್ಶದ ಪಾಠವನ್ನು ಮತ್ತೆ ವಿವರಿಸಬೇಕಾಗುವುದಿಲ್ಲ.

ಪ್ರಕೃತಿಯಲ್ಲಿ ಈ ಮಿಡಿತವನ್ನು ಕೊಡುವವು ಕೆಲವು ಜೇನ್ನೊಣಗಳು. ನೀಲಿಪಟ್ಟಿಯ ಒಂಟಿ ಜೇನು, ಮರ ಕೊರೆಯುವ ಕಪ್ಪು ದುಂಬಿ ಇವುಗಳಿಗೆ ಆ ವಿದ್ಯೆ ಗೊತ್ತು. ಹೂವಿನ ಕೇಸರಗಳನ್ನು ಕಚ್ಚಿ, ಕಾಲಿನಿಂದ ಅಪ್ಪಿ ಹಿಡಿದು, ರೆಕ್ಕೆ ಬಡಿಯದೆಯೇ ಹಾರುವ ಸ್ನಾಯುಗಳನ್ನು ಬಿರುಸಾಗಿ ಅದುರಿಸುತ್ತವೆ. ಆ ಹೊತ್ತಿನಲ್ಲಿ ಸಾಮಾನ್ಯ ಗುಂಯ್ಗಾನಕ್ಕಿಂತ ಏರಿದ, ಚಿಕ್ಕ ಚಿಕ್ಕ ತುಂಡಾಗಿ ಬರುವ ಒಂದು ಝೇಂಕಾರ ಕೇಳುತ್ತದೆ. ಪರಾಗ ರಂಧ್ರದಿಂದ ಚಿಮ್ಮಿ ಅವುಗಳ ಹೊಟ್ಟೆಯ ರೋಮಕ್ಕೆ ಹತ್ತುತ್ತದೆ. ನಮ್ಮ ಪೆಟ್ಟಿಗೆಯ ತುಡುವೆ ಜೇನಿಗೆ ಹೀಗೆ ಅದುರಿಸಲು ಬರುವುದಿಲ್ಲ. ಇಂಥ ಹೂಗಳಲ್ಲಿ ಮಕರಂದವೂ ಇಲ್ಲ. ಬಂದ ಜೇನಿಗೆ ಸಿಗುವ ಕೂಲಿ ಪರಾಗ ಮಾತ್ರ. ಜಗತ್ತಿನ ಹೂಬಿಡುವ ಗಿಡಗಳಲ್ಲಿ ಸುಮಾರು 20,000 ಪ್ರಭೇದಗಳು ಈ ಬಗೆಯ ಅದುರು ಪರಾಗಸ್ಪರ್ಶವನ್ನು ನಂಬಿಕೊಂಡಿವೆ ಎಂಬ ಅಂದಾಜಿದೆ. ಯುರೋಪಿನ ಗಾಜಿನಮನೆಗಳಲ್ಲಿ ಟೊಮೆಟೊ ಬೆಳೆಯುವವರು ಹಿಂದೆ ಕೂಲಿಯಾಳು ಇಟ್ಟು ಯಂತ್ರದಿಂದ ಹೂ ಅದುರಿಸುತ್ತಿದ್ದರು. 1980ರ ದಶಕದ ಕೊನೆಯಲ್ಲಿ ಬೆಲ್ಜಿಯಂನಿಂದ ಶುರುವಾಗಿ, ಸಾಕಿದ ಬಂಬಲ್ ದುಂಬಿಗಳು ಆ ಕೆಲಸಕ್ಕೆ ಬಂದವು. ಈಗ ಅದೊಂದು ದೊಡ್ಡ ಉದ್ಯಮ.

ಲೈಸಿಯಾಂಥಿಸ್‌ನ ಪರಾಗಕೋಶವೂ ತುದಿರಂಧ್ರದ್ದೇ. ಮೆಣಸಿನ ಹೂವಿನದು ಹಾಗಲ್ಲ. ಮೆಣಸಿನ ಹೂವನ್ನು ಬಿಡಿಸಿ ನೋಡಿದರೆ ಪರಾಗಕೋಶಗಳು ಹೆಚ್ಚಾಗಿ ನೀಲಿ ಛಾಯೆಯವು, ಉದ್ದಕ್ಕೆ ಸೀಳಿಕೊಂಡು ಬಿರಿಯುತ್ತವೆ. ಮುಟ್ಟಿದರೆ ಹುಡಿ ಹತ್ತುತ್ತದೆ, ಬುಡದಲ್ಲಿ ಮಕರಂದವೂ ಇದೆ. ಹಾಗಾಗಿ ಕಾಡಿನ ಪೊದೆಗೆ ಮುಂದಿನಿಂದ ಬದನೆಯ ಮುಖ, ಹಿಂದಿನಿಂದ ಮೆಣಸಿನಕಾಯಿಯ ಬೆನ್ನು. ಯಾವುದನ್ನು ನಂಬಬೇಕು? ಹಳೆಯ ಸಸ್ಯಶಾಸ್ತ್ರಜ್ಞರು ಮುಖವನ್ನು ನಂಬಿದರು. ಅದರಲ್ಲಿ ಅಜಾಗರೂಕತೆಯೇನೂ ಇಲ್ಲ. ಪರಾಗಕೋಶ ಬಿರಿಯುವ ರೀತಿ ಅಂದಿನ ಶಾಸ್ತ್ರದಲ್ಲಿ ಬಹಳ ಗಟ್ಟಿಯಾದ ಲಕ್ಷಣವೆಂದು ಎಣಿಸಲ್ಪಟ್ಟಿತ್ತು.

ಫ್ರಾನ್ಸಿನ ಮೋಂಪೆಲಿಯೆಯಲ್ಲಿ ಕೆಲಸ ಮಾಡುತ್ತಿದ್ದ ಮಿಶೆಲ್ ಫೆಲಿಕ್ಸ್ ದ್ಯುನಾಲ್ ಬದನೆ ಕುಟುಂಬದ ಮಹಾಪಂಡಿತ. 1813ರಲ್ಲೇ ಸೊಲಾನಮ್ ಬಗ್ಗೆ ದೊಡ್ಡ ಗ್ರಂಥ ಬರೆದವರು. 1852ರಲ್ಲಿ ಅವರು ಲೈಸಿಯಾಂಥಿಸ್ ಅನ್ನು ಒಂದು ಗುಂಪೆಂದು ಗುರುತಿಸಿದರು, ಆದರೆ ಸೊಲಾನಮ್ ಒಳಗಿನ ಒಂದು ಉಪಗುಂಪಾಗಿ. ಪರಗ್ವೇಯಲ್ಲಿ ನೆಲೆಸಿ ಗಿಡ ಸಂಗ್ರಹಿಸುತ್ತಿದ್ದ ಸ್ವಿಸ್ ಮೂಲದ ವೈದ್ಯ ಎಮಿಲ್ ಹಾಸ್ಲರ್ 1917ರಲ್ಲಿ ಅದನ್ನು ಸ್ವತಂತ್ರ ಕುಲವಾಗಿ ಎತ್ತಿ ನಿಲ್ಲಿಸಿದರು. ಬೆನ್ನಲ್ಲೇ ಜರ್ಮನಿಯ ಗೆಯೋರ್ಗ್ ಬಿಟರ್ ಆ ಕುಲದ ಪ್ರಭೇದಗಳನ್ನೆಲ್ಲ ಒಂದೊಂದಾಗಿ ವಿವರಿಸುವ ದೀರ್ಘ ಅಧ್ಯಯನ ಪ್ರಕಟಿಸಿದರು. ಗಿಡಗಳ ವೈಜ್ಞಾನಿಕ ಹೆಸರಿನ ಕೊನೆಯಲ್ಲಿ ಹೆಸರಿಟ್ಟವರ ಗುರುತು ಇರುತ್ತದೆ. ನಮ್ಮ ಲೇವಿಸ್‌ನ ಹೆಸರಿನ ಜೊತೆಗೆ ಇಂದಿಗೂ ದ್ಯುನಾಲ್ ಮತ್ತು ಬಿಟರ್ ಇಬ್ಬರೂ ಇದ್ದಾರೆ.

ಇಲ್ಲೊಂದು ದುಃಖದ ಸಂಗತಿಯನ್ನು ಹೇಳಲೇಬೇಕು. ಯಾವುದೇ ಪ್ರಭೇದಕ್ಕೆ ಹೆಸರಿಡುವಾಗ ಆಧಾರವಾಗಿ ಒಂದು ಒಣಗಿಸಿದ ಮಾದರಿಯನ್ನು ಎಲ್ಲಾದರೂ ಜೋಪಾನ ಮಾಡಿರಬೇಕು. ಮುಂದೆ ಯಾರಿಗೆ ಅನುಮಾನ ಬಂದರೂ ಅದನ್ನೇ ತೆಗೆದು ನೋಡುತ್ತಾರೆ. ಆ ಕಾಲದ ಜರ್ಮನ್ ಪಂಡಿತರು ನೋಡಿದ ಅಸಂಖ್ಯ ಮಾದರಿಗಳು ಬರ್ಲಿನ್ ಸಸ್ಯಾಗಾರದಲ್ಲಿದ್ದವು. 1943ರ ಮಾರ್ಚ್‌ನಲ್ಲಿ ಬಾಂಬು ಬಿದ್ದು ಆ ಕಟ್ಟಡ ಹೊತ್ತಿ ಉರಿಯಿತು. ಜಗತ್ತಿನ ಮೂಲೆಮೂಲೆಯಿಂದ ಒಂದು ಶತಮಾನಕ್ಕೂ ಹೆಚ್ಚು ಕಾಲ ಕೂಡಿಸಿದ ಒಣಗಿಡಗಳ ಬಹುಭಾಗ ಬೂದಿಯಾಯಿತು. ಕಾಗದದ ಮೇಲೆ ಹೆಸರು ಉಳಿಯಿತು, ಆ ಹೆಸರು ಯಾವ ಗಿಡದ್ದೆಂದು ತೋರಿಸುವ ಮಾದರಿ ಹೋಯಿತು. ಇಂಥ ಕುಲಗಳ ಮೇಲೆ ಇಂದು ಕೆಲಸ ಮಾಡುವವರು ಬೇರೆ ದೇಶಗಳ ಸಸ್ಯಾಗಾರಗಳಲ್ಲಿ ಅದೇ ಸಂಗ್ರಹದ ಜೊತೆಮಾದರಿ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಬೇಕು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಸಾಂಡ್ರಾ ನ್ಯಾಪ್ ಇತ್ತೀಚಿನ ವರ್ಷಗಳಲ್ಲಿ ಏಷ್ಯಾ ಮತ್ತು ಪೆಸಿಫಿಕ್ ಕಡೆಯ ಲೈಸಿಯಾಂಥಿಸ್‌ಗಳನ್ನು ಹೊಸದಾಗಿ ಪರಿಶೀಲಿಸಿ, ಹೆಸರುಗಳ ಈ ಸಿಕ್ಕನ್ನು ತಾಳ್ಮೆಯಿಂದ ಬಿಡಿಸಿದ್ದಾರೆ. ಇಂಥ ಕೆಲಸ ಸುದ್ದಿಯಾಗುವುದಿಲ್ಲ. ಆದರೆ ಹೆಸರು ಗಟ್ಟಿಯಾಗದೆ ಒಂದು ಗಿಡ ಎಲ್ಲೆಲ್ಲಿದೆ, ಎಷ್ಟಿದೆ, ಕಡಿಮೆಯಾಗುತ್ತಿದೆಯೇ ಎಂಬ ಯಾವ ಪ್ರಶ್ನೆಯನ್ನೂ ಕೇಳಲಾಗುವುದಿಲ್ಲ. ನನ್ನ ಮಟ್ಟಿಗೆ ಇದು ಕಾಡು ಉಳಿಸುವ ಕೆಲಸದ ಮೊದಲ ಮೆಟ್ಟಿಲು.

ಮತ್ತೆ ಮುಖ ಮತ್ತು ಬೆನ್ನಿನ ಪ್ರಶ್ನೆಗೆ ಬರೋಣ. 1986ರಲ್ಲಿ ಅಮೆರಿಕದ ಮಿಸೌರಿ ಸಸ್ಯೋದ್ಯಾನದ ವಿಲಿಯಂ ಡಾರ್ಸಿ ಎಂಬವರು ಲೈಸಿಯಾಂಥಿಸ್ ಮತ್ತು ಅದರ ಹತ್ತಿರದ ಕುಲಗಳ ಪುಷ್ಪಪಾತ್ರೆಯನ್ನೇ ವಿಷಯವಾಗಿಟ್ಟುಕೊಂಡು ಒಂದು ಲೇಖನ ಬರೆದರು. ನೀವು ಈಗ ಉಗುರಿನಿಂದ ಸವರಿ ನೋಡಿದ ಭಾಗವೇ ಅದು. ಆಮೇಲೆ ಡಿಎನ್‌ಎ ಓದುವ ಕಾಲ ಬಂತು. 1990ರ ದಶಕದಿಂದ ರಿಚರ್ಡ್ ಓಮ್ಸ್ಟೆಡ್, ಲಿನ್ ಬೋಸ್ ಮೊದಲಾದವರು ಬದನೆ ಕುಟುಂಬದ ಗಿಡಗಳ ಡಿಎನ್‌ಎ ಹೋಲಿಸಿ ವಂಶವೃಕ್ಷ ಕಟ್ಟುತ್ತ ಬಂದರು. 2008ರಲ್ಲಿ ಇಡೀ ಕುಟುಂಬದ ವಂಶವೃಕ್ಷ ಪ್ರಕಟವಾಯಿತು, 2013ರಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳನ್ನೊಳಗೊಂಡ ಇನ್ನೂ ದೊಡ್ಡದೊಂದು ಬಂತು. ಪ್ರತಿ ಸಲವೂ ಲೈಸಿಯಾಂಥಿಸ್ ಬಂದು ಕೂತದ್ದು ಮೆಣಸಿನಕಾಯಿಯ ಪಕ್ಕದಲ್ಲಿ. ಇವೆರಡೂ ಕುಲಗಳು ಸೇರಿ ಒಂದು ಬಳಗ, ಸೊಲಾನಮ್ ಪಕ್ಕದ ಬೇರೆ ಬಳಗ. ತುದಿರಂಧ್ರದ ಪರಾಗಕೋಶ ಬದನೆಯ ಸಾಲಿನಲ್ಲೂ ಈ ಪೊದೆಯಲ್ಲೂ ಕಂಡರೂ, ಅದೊಂದನ್ನೇ ಹಿಡಿದು ನಂಟಸ್ತಿಕೆ ಹೇಳಲಾಗದು ಎಂದಾಯಿತು. ಝೇಂಕರಿಸುವ ಜೇನುಗಳ ಒತ್ತಡಕ್ಕೆ ಹೂವಿನ ಮುಖ ಬದಲಾಗಬಹುದು. ಬೆನ್ನಿನ ಬಟ್ಟಲಿಗೆ ಆ ಒತ್ತಡವಿಲ್ಲ.

ಈ ನಂಟಿನಲ್ಲಿ ನಮ್ಮವರಿಗೆ ವಿಶೇಷ ಅರ್ಥವಿದೆ ಎಂದು ನನಗನ್ನಿಸುತ್ತದೆ. ಮೆಣಸಿನಕಾಯಿ ನಮ್ಮ ನೆಲದ್ದಲ್ಲ. ಅದರ ಕುಲದ 40ಕ್ಕೂ ಹೆಚ್ಚು ಪ್ರಭೇದಗಳೆಲ್ಲ ಹುಟ್ಟಿನಿಂದ ಅಮೆರಿಕ ಖಂಡಗಳವು. ಪೋರ್ಚುಗೀಸರು 1498ರಲ್ಲಿ ಕಡಲ ದಾರಿ ಹಿಡಿದು ಬಂದು, 1510ರಲ್ಲಿ ಗೋವೆಯಲ್ಲಿ ನೆಲೆಯೂರಿದ ಮೇಲೆ, ಅವರ ಹಡಗುಗಳ ಓಡಾಟದಲ್ಲಿ ಅದು ನಮ್ಮ ಕರಾವಳಿಗೆ ಬಂತು. ಅಲ್ಲಿಯವರೆಗೆ ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದದ್ದು ಕರಿಮೆಣಸು, ಹಿಪ್ಪಲಿ, ಶುಂಠಿ. ಐನೂರು ವರ್ಷದಲ್ಲಿ ಮೆಣಸಿನಕಾಯಿ ಎಷ್ಟು ನಮ್ಮದಾಯಿತೆಂದರೆ ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರಕಿತು. ಆದರೆ ಆ ಹಡಗುಗಳು ಬರುವುದಕ್ಕೆ ಬಹಳ ಮೊದಲಿನಿಂದ, ಬ್ಯಾಡಗಿಗೆ ಹೆಚ್ಚು ದೂರವಿಲ್ಲದ ಘಟ್ಟದ ನೆರಳಿನಲ್ಲಿ, ಮೆಣಸಿನಕಾಯಿಯ ಸೋದರಸಂಬಂಧಿ ತನ್ನ ಪಾಡಿಗೆ ತಾನು ಹೂಬಿಟ್ಟು ಹಣ್ಣಾಗುತ್ತಿತ್ತು. ಯಾರೂ ತಂದದ್ದಲ್ಲ, ನೆಟ್ಟದ್ದಲ್ಲ.

ಅಮೆರಿಕದಲ್ಲೂ ಏಷ್ಯಾದಲ್ಲೂ ಒಂದೇ ಕುಲ ಹೇಗೆ ಬಂತು ಎಂಬುದಕ್ಕೆ ಪಳೆಯುಳಿಕೆಗಳು ಸ್ವಲ್ಪ ಬೆಳಕು ಕೊಡುತ್ತಿವೆ. ಬದನೆ ಕುಟುಂಬದ ಹಣ್ಣುಗಳು ಮೆತ್ತಗಿನವು, ಕಲ್ಲಾಗುವುದು ಅಪರೂಪ. 2017ರಲ್ಲಿ ಅರ್ಜೆಂಟೀನಾದ ಪೆಟಗೋನಿಯಾದಿಂದ 5.2 ಕೋಟಿ ವರ್ಷ ಹಳೆಯ ಗುಪ್ಪಟೆ ಹಣ್ಣಿನ ಪಳೆಯುಳಿಕೆ ಪ್ರಕಟವಾದಾಗ ಎಲ್ಲರೂ ಬೆರಗಾದರು. ಕಾಗದದಂಥ ಆ ಹೊರಚೀಲದ ನರಗಳೂ ಕಲ್ಲಿನಲ್ಲಿ ಉಳಿದಿದ್ದವು. 2023ರಲ್ಲಿ ಇನ್ನೂ ನಮಗೆ ಹತ್ತಿರದ ಸುದ್ದಿ ಬಂತು. ಅಮೆರಿಕದ ಕೊಲರಾಡೊದ ವಸ್ತುಸಂಗ್ರಹಾಲಯವೊಂದರಲ್ಲಿ ಎಷ್ಟೋ ಕಾಲದಿಂದ ಇದ್ದ, ಸುಮಾರು 5 ಕೋಟಿ ವರ್ಷ ಹಳೆಯ ಕಲ್ಲಿನ ಚಕ್ಕೆಗಳಲ್ಲಿ ಮೆಣಸಿನಕಾಯಿಯನ್ನು ಹೋಲುವ ಕಾಯಿಯೊಂದನ್ನು ಪದವಿ ವಿದ್ಯಾರ್ಥಿಯೊಬ್ಬರು ಗಮನಿಸಿದರು. ಗುರುತು ಸಿಕ್ಕಿದ್ದು ಟೋಪಿಯಿಂದ: ಪುಷ್ಪಪಾತ್ರೆಯ ತುದಿಯ ಮೊನೆಗಳಿಂದ. ಆ ಪಳೆಯುಳಿಕೆಗೆ ವಿಜ್ಞಾನಿಗಳು ಇಟ್ಟ ಹೆಸರು ಲೈಸಿಯಾಂಥಾಯ್ಡಿಸ್. ಮೆಣಸಿನಕಾಯಿ ಬಳಗ ದಕ್ಷಿಣ ಅಮೆರಿಕದಲ್ಲಿ ಸುಮಾರು 1.5 ಕೋಟಿ ವರ್ಷದ ಹಿಂದಷ್ಟೇ ಹುಟ್ಟಿತು ಎಂಬ ಹಿಂದಿನ ಲೆಕ್ಕವನ್ನು ಇದು ಅಲುಗಾಡಿಸಿದೆ. ಆ ಬಳಗ ಅಷ್ಟು ಹಿಂದೆಯೇ ಉತ್ತರದವರೆಗೂ ಹಬ್ಬಿದ್ದರೆ, ಏಷ್ಯಾ ತಲುಪಲು ಅದಕ್ಕೆ ಕಾಲವೂ ದಾರಿಯೂ ಧಾರಾಳವಾಗಿ ಇದ್ದವು.

ಖಾರದ ವಿಷಯ ಕೇಳದೆ ಯಾರೂ ಈ ಪಾಠದಿಂದ ಏಳುವುದಿಲ್ಲ. ಲೈಸಿಯಾಂಥಿಸ್ ಹಣ್ಣು ಖಾರವೇ? ಇಲ್ಲ. ಖಾರಕ್ಕೆ ಕಾರಣವಾದ ಕ್ಯಾಪ್ಸಾಯ್ಸಿನ್ ಅನ್ನು ತಯಾರಿಸಲು ಕಲಿತದ್ದು ಮೆಣಸಿನ ಕುಲ ಮಾತ್ರ. ಅದೂ ಬೀಜದಲ್ಲಲ್ಲ, ಕಾಯಿಯನ್ನು ಉದ್ದಕ್ಕೆ ಸೀಳಿದರೆ ಬೀಜಗಳು ಅಂಟಿಕೊಂಡಿರುವ ಬಿಳಿ ತಿರುಳು ಕಾಣುತ್ತದಲ್ಲ, ಖಾರ ತಯಾರಾಗುವುದು ಅಲ್ಲಿ. ಯಾಕೆ ತಯಾರಿಸಬೇಕು? 2001ರಲ್ಲಿ ಜೋಷುವಾ ಟ್ಯೂಕ್ಸ್‌ಬರಿ ಮತ್ತು ಗ್ಯಾರಿ ನಬ್ಹನ್ ಅರಿಜೋನಾದ ಕಾಡುಮೆಣಸಿನಕಾಯಿಯ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಇಲಿಗಳು ಖಾರದ ಹಣ್ಣನ್ನು ದೂರವಿಟ್ಟವು, ಹಕ್ಕಿಗಳು ಆರಾಮವಾಗಿ ತಿಂದವು. ಇಲಿ ಬೀಜವನ್ನು ಅಗಿದು ಹಾಳುಮಾಡುತ್ತದೆ. ಹಕ್ಕಿ ನುಂಗಿ ಬೇರೆಡೆ ಹಿಕ್ಕೆಯಲ್ಲಿ ಬಿತ್ತುತ್ತದೆ. ಹಕ್ಕಿಗಳ ನರಕ್ಕೆ ಈ ಖಾರ ತಾಗುವುದೇ ಇಲ್ಲ. ಮಲೆನಾಡಿನಲ್ಲಿ ಯಾರೂ ನೆಡದ ಕಡೆಗಳಲ್ಲಿ ಸೂಜಿಮೆಣಸಿನ ಗಿಡ ಏಳುವುದು ಪಿಕಳಾರಗಳಂಥ ಹಕ್ಕಿಗಳ ದೆಸೆಯಿಂದ. ಬೊಲಿವಿಯದ ಕಾಡುಮೆಣಸಿನಕಾಯಿಗಳಲ್ಲಿ 2008ರಲ್ಲಿ ಇನ್ನೊಂದು ಕಾರಣ ಗೊತ್ತಾಯಿತು: ಕಾಯಿ ಚುಚ್ಚುವ ತಿಗಣೆಗಳ ಗಾಯದಿಂದ ಒಳಹೊಕ್ಕು ಬೀಜ ಕೊಳೆಸುವ ಬೂಷ್ಟನ್ನು ಖಾರ ತಡೆಯುತ್ತದೆ. ಲೈಸಿಯಾಂಥಿಸ್‌ನ ಹಣ್ಣು ನಮ್ಮ ಘಟ್ಟದಲ್ಲಿ ಬಟಾಣಿಗಿಂತ ಹೆಚ್ಚು ದೊಡ್ಡದಲ್ಲ, ಮಾಗಿದಾಗ ಕೆಂಪು, ರಸಭರಿತ. ಹಕ್ಕಿಯ ಕಣ್ಣನ್ನು ಸೆಳೆಯುವ ಬಣ್ಣ ಅದರಲ್ಲೂ ಇದೆ. ಖಾರದ ಉಪಾಯ ಮಾತ್ರ ಅದಕ್ಕೆ ಬಂದಿಲ್ಲ. ಖಾರವಿಲ್ಲ ಎಂದಾಕ್ಷಣ ರುಚಿ ನೋಡಬಹುದು ಎಂದು ತಿಳಿಯಬೇಡಿ; ಮೊದಲೇ ಹೇಳಿದ ಎಚ್ಚರಿಕೆ ಇದಕ್ಕೂ ಅನ್ವಯಿಸುತ್ತದೆ.

ಇನ್ನು ನೀವೇ ಹುಡುಕಬೇಕೆಂದಿದ್ದರೆ ಕೆಲವು ಮಾತು. ಚಾರಣದ ದಾರಿಯ ಬದಿಯಲ್ಲೇ ನಿಂತು ನೋಡಿ, ಕಾಡಿನೊಳಗೆ ನುಗ್ಗುವುದು ಬೇಡ. ಅಭಯಾರಣ್ಯಗಳಲ್ಲಿ ಅನುಮತಿಯಿಲ್ಲದೆ ಗಿಡ ಕೀಳುವುದು ಕಾನೂನಿಗೂ ವಿರುದ್ಧ. ಫೋಟೊ ಸಾಕು, ಆದರೆ ಅದನ್ನು ತೆಗೆಯುವ ಕ್ರಮ ಗೊತ್ತಿರಬೇಕು. ಹೆಚ್ಚಿನವರು ಹೂವಿನ ಮುಖದ ಒಂದು ಚೆಂದದ ಚಿತ್ರ ತೆಗೆದು ಮುಂದೆ ಹೋಗುತ್ತಾರೆ. ಆ ಒಂದು ಚಿತ್ರದಿಂದ ಇದು ಸೊಲಾನಮ್ಮೋ ಲೈಸಿಯಾಂಥಿಸ್ಸೋ ಎಂದು ಯಾವ ತಜ್ಞರಿಗೂ ಖಚಿತವಾಗಿ ಹೇಳಲಾಗದು. ರೆಂಬೆಯ ಮೇಲ್ಭಾಗದ ಚಿತ್ರವೊಂದು ಇರಲಿ, ಜೋಡಿ ಎಲೆಗಳ ಅಳತೆ ಕಾಣುವಂತೆ. ಹೂತೊಟ್ಟು ಎಲೆಯ ಕಂಕುಳಿನಿಂದ ಹೊರಡುತ್ತದೋ ಬರಿಯ ಕಾಂಡದಿಂದಲೋ ಎಂಬುದು ಇನ್ನೊಂದರಲ್ಲಿ ಕಾಣಲಿ. ಕಾಂಡದ ಮೇಲೆ ಮುಳ್ಳಿದ್ದರೆ ಅದು ಖಂಡಿತ ಬೇರೆ ಗಿಡ, ಘಟ್ಟದಲ್ಲಿ ಮುಳ್ಳಿನ ಸೊಲಾನಮ್‌ಗಳು ಸಾಕಷ್ಟಿವೆ. ಬಹಳ ಬೇಕಾದ ಚಿತ್ರ ಮೊಗ್ಗಿನದು: ಮೊಗ್ಗನ್ನು ಕೀಳದೆ ಬೆರಳಿನಿಂದ ಮೆಲ್ಲಗೆ ಓರೆಮಾಡಿ, ಹಿಂದಿನ ಬಟ್ಟಲಿನ ಅಂಚು ಸ್ಪಷ್ಟವಾಗಿ ಬರುವಂತೆ ಹತ್ತಿರದಿಂದ ತೆಗೆಯಿರಿ. ಅಂಚಿನ ಕೆಳಗಿನ ಹಲ್ಲುಗಳು ಮೊಗ್ಗಿನಲ್ಲೇ ಚೆನ್ನಾಗಿ ಕಾಣುತ್ತವೆ, ಹಣ್ಣಾಗುವ ಹೊತ್ತಿಗೆ ಒಣಗಿ ಮುರಿದಿರಬಹುದು. ಜಾಗ, ದಿನಾಂಕ, ಎತ್ತರ ಬರೆದು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಐನ್ಯಾಚುರಲಿಸ್ಟ್‌ಗೆ ಸೇರಿಸಿದರೆ, ಬದನೆ ಕುಟುಂಬವನ್ನು ಬಲ್ಲವರು ಎಲ್ಲೇ ಇದ್ದರೂ ನೋಡಿ ಹೆಸರು ಹೇಳುತ್ತಾರೆ. ಅದೇ ಹೊತ್ತಿಗೆ ಹೂವಿನ ಮೇಲೆ ಜೇನು ಕೂತಿದ್ದರೆ, ಫೋಟೊಕ್ಕಿಂತ ಹತ್ತು ಸೆಕೆಂಡಿನ ವಿಡಿಯೊ ಒಳ್ಳೆಯದು; ಆ ಝೇಂಕಾರ ಅದರಲ್ಲಿ ದಾಖಲಾಗುತ್ತದೆ.